ಕಾರ್ಡಿಗೆ ಬರುವ ಗಂಡ

ವಿಜಯಮ್ಮನ ಗಂಡ ವರ್ಷಕ್ಕೆ ಎರಡು ಸಲ ಬರುತ್ತಿದ್ದ. ಸಂಕ್ರಾಂತಿ ಮುಗಿಸಿಕೊಂಡು ಒಂದು ಸಲ, ಆಷಾಢದಲ್ಲಿ ಇನ್ನೊಂದು ಸಲ.

ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಫೊಯರ್‌ಬಾಕ್‌ನ ಒಂದು ಕಿಟಾದಲ್ಲಿ, ಅಂದರೆ ಪುಟ್ಟ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಶಾಲೆಯಲ್ಲಿ, ವಿಜಯಮ್ಮನಿಗೆ ಅಡುಗೆಮನೆ ಕೆಲಸ. ಗಂಡ ಬರುವ ವಾರ ಅಲ್ಲಿಯ ಹೆಂಗಸರು ಅವಳನ್ನು ಬಿಡುತ್ತಿರಲಿಲ್ಲ. ಕ್ರೊವೇಷಿಯಾದ ಒಬ್ಬಾಕೆಯಂತೂ ತನ್ನ ಲಿಪ್‌ಸ್ಟಿಕ್ ತೆಗೆದುಕೊಂಡು ಬಲವಂತವಾಗಿ ಇವಳ ತುಟಿಗೆ ಹಚ್ಚಲು ಬರುತ್ತಿದ್ದಳು. ವಿಜಯಮ್ಮ ಅವಳ ಕೈ ತಳ್ಳಿ, ಅವರು ನನ್ನನ್ನು ನೋಡಲು ಬರುತ್ತಿಲ್ಲ, ಕಾರ್ಡಿಗೆ ಬರುತ್ತಿದ್ದಾರೆ ಅನ್ನುತ್ತಿದ್ದಳು. ಹಾಗೆಂದು ಮತ್ತೆ ಆಲೂಗಡ್ಡೆ ಸುಲಿಯಲು ತಿರುಗಿಕೊಳ್ಳುತ್ತಿದ್ದಳು.

ಕಾರ್ಡಿನ ಸಂಗತಿ ಇಷ್ಟೇ. ಗಂಡ ಮುನಿಸ್ವಾಮಿಯ ಹತ್ತಿರ ಜರ್ಮನಿಯಲ್ಲಿ ಕಾಯಂ ಇರಬಹುದು ಅನ್ನುವ ಕಾರ್ಡ್ ಇತ್ತು. ಕಾಯಂ ಅಂದರೂ ಅದಕ್ಕೊಂದು ಷರತ್ತು. ಆರು ತಿಂಗಳಿಗಿಂತ ಹೆಚ್ಚು ದೇಶದಿಂದ ಹೊರಗಿದ್ದರೆ ಅದು ತಾನಾಗಿ ಸತ್ತುಹೋಗುತ್ತದೆ, ಆಮೇಲೆ ಅತ್ತರೂ ಬರುವುದಿಲ್ಲ. ಅಂತೂ ಅವನಿಗೆ ಎಲ್ಲರೂ ಹೇಳಿದ್ದು ಹಾಗೆ. ಆರು ತಿಂಗಳು ತುಂಬುವ ಮೊದಲು ಅವನು ಬಂದು, ಮೂರು ವಾರ ಇದ್ದು, ಮತ್ತೆ ಬಂಗಾರಪೇಟೆಗೆ ಹೋಗುತ್ತಿದ್ದ.

ಬಂಗಾರಪೇಟೆಯಲ್ಲಿ ಇದ್ದದ್ದು ಅವನ ಅಕ್ಕ ಗೌರಕ್ಕ. ಚಿಕ್ಕ ವಯಸ್ಸಿಗೇ ಗಂಡ ಹೋಗಿ ತವರಿಗೆ ಬಂದವಳು. ಸ್ಟೇಷನ್ನಿನ ಎದುರು ಕೂತು ಹೂವು ಕಟ್ಟಿ ಮಾರಿ ತಮ್ಮನನ್ನು ಐಟಿಐ ಓದಿಸಿದ್ದಳು. ಅವನು ಬೆಂಗಳೂರಿನ ಫ್ಯಾಕ್ಟರಿ ಸೇರಿ, ಅಲ್ಲಿಂದ ಫೊಯರ್‌ಬಾಕ್‌ನ ದೊಡ್ಡ ಪ್ಲಾಂಟಿಗೆ ಬಂದಾಗ ವಿಮಾನ ಹತ್ತುವ ತನಕ ಅತ್ತಿದ್ದೂ ಅವಳೇ, ತಿರುಗಿ ನೋಡಬೇಡ ಹೋಗು ಅಂದಿದ್ದೂ ಅವಳೇ. ಪ್ಲಾಂಟಿನಲ್ಲಿ ಹಿರಿಯರಿಗೆ ಪೆನ್ಶನ್ ಕೊಟ್ಟು ಬೇಗ ಬಿಡುಗಡೆ ಮಾಡುತ್ತೇವೆ ಅಂದ ವರ್ಷವೇ ಗೌರಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಒಂದು ಚಳಿಗಾಲ ನೋಡಿಕೊಂಡು ಬರುತ್ತೇನೆ ಎಂದು ಹೋದ ಮುನಿಸ್ವಾಮಿ ಅಲ್ಲೇ ಉಳಿದ. ವಿಜಯಮ್ಮನಿಗೆ ಕಿಟಾ ಬಿಡುವ ಹಾಗಿರಲಿಲ್ಲ. ಅವಳ ಪೆನ್ಶನ್‌ಗೆ ಇನ್ನೂ ವರ್ಷಗಳಿದ್ದವು. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಹೋಗಿ ನಾನೇನು ಮಾಡಲಿ, ಅಕ್ಕ ತಮ್ಮ ಮಾತಾಡಿಕೊಳ್ಳುವುದನ್ನು ಕೇಳಿಸಿಕೊಂಡು ಕೂತಿರಲಾ ಅನ್ನುವುದೂ ಅವಳ ಮನಸ್ಸಿನಲ್ಲಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮದುವೆಯಾಗಿ ಮೂವತ್ತು ವರ್ಷವಾಗಿತ್ತು. ಆ ಮೂವತ್ತು ವರ್ಷದಲ್ಲಿ ನಿನ್ನನ್ನು ನೋಡಬೇಕು ಅನ್ನಿಸಿತು ಎಂದು ಇಬ್ಬರಲ್ಲಿ ಒಬ್ಬರೂ ಅಂದವರಲ್ಲ. ಅಂಥ ಮಾತು ಆಡುವ ಮನೆಗಳಲ್ಲಿ ಅವರು ಬೆಳೆದಿರಲಿಲ್ಲ. ಗಂಡಸು ಊರಿಂದ ಹೊರಡಬೇಕಾದರೆ ಒಂದು ಕೆಲಸ ಇರಬೇಕು. ಕೋರ್ಟೋ, ಆಸ್ಪತ್ರೆಯೋ, ಬ್ಯಾಂಕೋ. ಮುನಿಸ್ವಾಮಿಗೆ ಕಾರ್ಡ್ ಇತ್ತು. ಬೀದಿಯವರು ಯಾಕೆ ಸ್ವಾಮಿ ಮತ್ತೆ ಜರ್ಮನಿ ಎಂದು ಕೇಳಿದರೆ, ಕಾರ್ಡ್‌ಗೆ ಹೋಗ್ಬೇಕಲ್ಲ ಅನ್ನುತ್ತಿದ್ದ. ಫೋನಿನಲ್ಲಿ ವಿಜಯಮ್ಮನಿಗೂ ಹಾಗೇ ಅನ್ನುತ್ತಿದ್ದ. ಅವಳು, ಹ್ಞೂಂ, ಬರ್ಲೇಬೇಕಲ್ಲ, ರೂಲ್ ಇದೆ ಅನ್ನುತ್ತಿದ್ದಳು. ಅಂದ ದಿನದಿಂದ ಕಿಟಕಿ ಗಾಜು ಒರೆಸಲು ಶುರುಮಾಡುತ್ತಿದ್ದಳು.

ಆಷಾಢದ ಬಗ್ಗೆ ಒಂದು ತಮಾಷೆ ಇತ್ತು ಅವರ ನಡುವೆ. "ಲೋಕದಲ್ಲಿ ಆಷಾಢ ಬಂದ್ರೆ ಗಂಡ ಹೆಂಡ್ತೀನ ಬೇರೆ ಬೇರೆ ಇಡ್ತಾರೆ. ನಮ್ಮನ್ನ ಜರ್ಮನಿ ಸರ್ಕಾರ ಆಷಾಢದಲ್ಲೇ ಒಟ್ಟಿಗೆ ಹಾಕುತ್ತೆ" ಅನ್ನುತ್ತಿದ್ದಳು ವಿಜಯಮ್ಮ. ಪ್ರತಿ ಸಲವೂ ಅವನು ಹೊಸದಾಗಿ ಕೇಳಿದವನಂತೆ ನಗುತ್ತಿದ್ದ.

ಈ ಸಲದ ಸಂಕ್ರಾಂತಿಯ ಬರವು ಬೇರೆ ಥರದ್ದು. ಮುನಿಸ್ವಾಮಿಯ ಪಾಸ್‌ಪೋರ್ಟ್ ಅವಧಿ ಮುಗಿದು, ಬೆಂಗಳೂರಿನಲ್ಲಿ ಹೊಸದು ಮಾಡಿಸಿದ್ದ. ಕಾರ್ಡ್ ಹಳೆಯ ಪಾಸ್‌ಪೋರ್ಟಿಗೆ ಅಂಟಿಕೊಂಡದ್ದು. ಹಳೆಯದರ ಆಯುಸ್ಸು ಮುಗಿದರೆ ಕಾರ್ಡಿನದೂ ಮುಗಿಯುತ್ತದೆ, ಹೊಸ ಕಾರ್ಡನ್ನು ಜರ್ಮನಿಗೆ ಬಂದೇ ಮಾಡಿಸಬೇಕು. ಬೆರಳಚ್ಚು ಕೊಡಬೇಕು. ಕಾರ್ಡ್ ಅಚ್ಚಾಗಿ ಬರುವ ತನಕ ಕಾಯಬೇಕು, ಕೈಯಾರೆ ಪಡೆಯಬೇಕು. ಅಂದರೆ ಮೂರು ವಾರ ಸಾಲದು. ಫೋನಿನಲ್ಲಿ ಇದನ್ನು ಹೇಳುವಾಗ ವಿಜಯಮ್ಮ ಬೇಕೆಂದೇ ಬೇಸರದ ದನಿ ಮಾಡಿದ್ದಳು. ಏನು ಮಾಡೋದು ರೀ, ಇವರ ಕಾಟ ಇಷ್ಟೇ.

ವಿಮಾನ ನಿಲ್ದಾಣದಲ್ಲಿ ಎಲ್ಲರೂ ಹೊರಗೆ ಬಂದರೂ ಅವನು ಬರಲಿಲ್ಲ. ಟ್ರಾಲಿಗಳು ಒಂದೊಂದಾಗಿ ಖಾಲಿಯಾದವು. ಕೊನೆಗೆ ಉಣ್ಣೆ ಟೋಪಿ ಸರಿಮಾಡಿಕೊಳ್ಳುತ್ತಾ ಬಂದ. ಕೈಯಲ್ಲಿ ಬಂಗಾರಪೇಟೆಯ ಒಡವೆ ಅಂಗಡಿಯವರು ಕೊಡುವ ಕೆಂಪು ಜಿಪ್ಪಿನ ಪರ್ಸು.

"ಹಳೇ ಪಾಸ್‌ಪೋರ್ಟ್ ಮೂಲೆ ಕತ್ತರ್ಸಿಬಿಟ್ಟವ್ರಲ್ಲ, ಪೊಲೀಸ್ನೋನು ಅದನ್ನ ಹಿಡ್ಕೊಂಡು ನೋಡ್ದ ನೋಡ್ದ" ಅಂದ. "ಎರಡೂ ಒಟ್ಟಿಗೆ ಇಟ್ಕೊಂಡು ಬಂದಿದ್ದಕ್ಕೆ ಬಚಾವ್. ಪಕ್ಕದ ಬೀದಿ ಬಸಲಿಂಗಯ್ಯ ಹಳೇದನ್ನ ಗಂಟು ಕಟ್ಟಿ ಅಟ್ಟಕ್ಕೆ ಹಾಕು ಅಂದಿದ್ದ."

"ಬಸಲಿಂಗಯ್ಯನ ಮಾತು ಕೇಳಿದ್ರೆ ನೀವು ಈಗ ವಾಪಸ್ ಬಂಗಾರಪೇಟೇಲಿ ಇರ್ತಿದ್ರಿ" ಅಂದಳು ವಿಜಯಮ್ಮ. "ಕೊಡಿ ಆ ಪರ್ಸು, ಒಡವೆ ಅಂತ ಯಾರಾದ್ರೂ ಕಿತ್ಕೊಂಡಾರು."

ಎಸ್-ಬಾನ್ ರೈಲಿನಲ್ಲಿ ಅವನು ಕಿಟಕಿಗೆ ತಲೆಕೊಟ್ಟು ನಿದ್ದೆಹೋದ. ಅವನ ಬ್ಯಾಗಿನಿಂದ ಹುರಿದ ಅವರೆಕಾಳಿನ ವಾಸನೆ ಬರುತ್ತಿತ್ತು, ಗೌರಕ್ಕ ಕುಳಿತಲ್ಲೇ ಹಿದುಕಿ ಕಳಿಸಿದ್ದು. ವಿಜಯಮ್ಮ ಪರ್ಸನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಕಾರ್ಡ್ ಕೊಡುವ ಆಫೀಸಿನ ಟೆರ್ಮಿನ್, ಅಂದರೆ ಮೊದಲೇ ಗೊತ್ತುಮಾಡಿಕೊಂಡ ಸಮಯ, ಮುಂದಿನ ವಾರ ಸಿಕ್ಕಿತ್ತು. ಮುನಿಸ್ವಾಮಿಗೆ ಜರ್ಮನ್ ಬರುತ್ತದೆ, ಬರುವುದಿಲ್ಲ. ಹದಿನೇಳು ವರ್ಷ ಪ್ಲಾಂಟಿನಲ್ಲಿ ಟರ್ಕಿಯವರು, ಇಟಲಿಯವರ ಜೊತೆ ಕಲಿತ ಭಾಷೆ ಅದು. ಮೆಷಿನ್ ಕೆಟ್ಟಿದೆ, ಶಿಫ್ಟ್ ಮುಗಿಯಿತು, ಕಾಫಿ ಕುಡಿಯೋಣ, ಮೇಸ್ತ್ರಿ ಬಂದ, ಇಷ್ಟನ್ನು ಸರಾಗವಾಗಿ ಹೇಳುತ್ತಿದ್ದ. ಆಫೀಸಿನವರ ಉದ್ದುದ್ದ ಮಾತು ಬಂದರೆ ಹೆಂಡತಿಯ ಮುಖ ನೋಡುತ್ತಿದ್ದ. ವಿಜಯಮ್ಮನ ಜರ್ಮನ್ ಮಕ್ಕಳಿಂದ ಮತ್ತು ಮಕ್ಕಳ ತಾಯಂದಿರಿಂದ ಬಂದದ್ದು. ಎಲ್ಲವೂ ಅರ್ಥವಾಗುತ್ತಿತ್ತು.

ಮೇಜಿನ ಆಚೆ ಕೂತಿದ್ದವಳು ಮೂಗಿಗೆ ಸಣ್ಣ ಉಂಗುರ ಹಾಕಿದ್ದ ಹುಡುಗಿ. ಮಗ ಯಶವಂತನ ವಯಸ್ಸು ಇರಬಹುದು. ಅವಳು ಹಳೆಯ ಪಾಸ್‌ಪೋರ್ಟ್ ತೆಗೆದುಕೊಂಡಳು, ಹೊಸದು ತೆಗೆದುಕೊಂಡಳು, ಫೋಟೋ ನೋಡಿದಳು. ಬೆರಳಚ್ಚಿನ ಪುಟ್ಟ ಯಂತ್ರವನ್ನು ಮುಂದೆ ತಳ್ಳಿದಳು. ಮುನಿಸ್ವಾಮಿ ತೋರುಬೆರಳಿಟ್ಟ. ಯಂತ್ರ ಕೆಂಪಗಾಯಿತು. ಮತ್ತೆ ಇಟ್ಟ, ಮತ್ತೆ ಕೆಂಪು. ಇಷ್ಟು ವರ್ಷ ಲೋಹ ಉಜ್ಜಿ ಉಜ್ಜಿ ಬೆರಳ ತುದಿಯ ಗೆರೆಗಳು ಸವೆದಿದ್ದವು. ಹುಡುಗಿ ಒದ್ದೆ ಟಿಶ್ಯೂ ಕೊಟ್ಟಳು. ವಿಜಯಮ್ಮ ಅವನ ಬೆರಳನ್ನು ಒರೆಸಿ, ಹಿಡಿದು, ಗಾಜಿನ ಮೇಲೆ ತನ್ನ ಬೆರಳಿಂದ ಒತ್ತಿದಳು. ಮುನಿಸ್ವಾಮಿ ಎದುರಿಗಿದ್ದ ಹುಡುಗಿಯನ್ನು ನೋಡಿ ನಾಚಿಕೊಂಡ. ಯಂತ್ರ ಹಸಿರಾಯಿತು.

ಆಮೇಲೆ ಆ ಹುಡುಗಿ ಹಳೆಯ ಪಾಸ್‌ಪೋರ್ಟಿನ ಹಾಳೆಗಳನ್ನು ತಿರುವಿದಳು. ಬೆಂಗಳೂರಿನ ಸೀಲುಗಳು ಒಂದರ ಪಕ್ಕ ಒಂದು, ಹೋದದ್ದು, ಬಂದದ್ದು, ಮತ್ತೆ ಹೋದದ್ದು. ಇವರು ಇಷ್ಟು ಸಲ ಯಾಕೆ ಓಡಾಡುತ್ತಾರೆ ಎಂದು ಕೇಳಿದಳು. ವಿಜಯಮ್ಮ ಅಕ್ಕನ ಸಂಗತಿ ಹೇಳಿ, ಆರು ತಿಂಗಳ ಷರತ್ತಿಗಾಗಿ ಬರುತ್ತಾರೆ ಅಂದಳು. ಹುಡುಗಿ ಕಂಪ್ಯೂಟರ್ ಕಡೆ ತಿರುಗಿ ಸ್ವಲ್ಪ ಹೊತ್ತು ಏನೇನೋ ನೋಡಿದಳು. ತಿರುಗಿದಾಗ ಅವಳ ಮುಖದಲ್ಲಿ ಉಡುಗೊರೆ ಕೊಡುವವರ ಕಳೆ ಇತ್ತು.

ಇವರು ಇಲ್ಲಿ ಹದಿನೈದು ವರ್ಷಕ್ಕಿಂತ ಹೆಚ್ಚು ಇದ್ದವರು, ಕಂಪನಿಯ ಪೆನ್ಶನ್ ಬರುತ್ತಿದೆ, ನೀವೂ ಇಲ್ಲೇ ಇದ್ದೀರಿ. ಇಂಥವರಿಗೆ ಆರು ತಿಂಗಳ ಷರತ್ತು ಅನ್ವಯಿಸುವುದೇ ಇಲ್ಲ. ಒಂದು ಅರ್ಜಿ ಕೊಡಿ, ಹಾಗೆಂದು ಸರ್ಟಿಫಿಕೇಟ್ ಕೊಡುತ್ತೇನೆ. ಪಾಪ, ಈ ವಯಸ್ಸಿನಲ್ಲಿ ಅಷ್ಟು ದೂರ ಯಾಕೆ ಮತ್ತೆ ಮತ್ತೆ ಬರಬೇಕು? ಅಕ್ಕನ ಹತ್ತಿರ ನೆಮ್ಮದಿಯಾಗಿ ಇರಲಿ. ಹೀಗೆ ಹೇಳಿ ನಕ್ಕಳು.

ಮುನಿಸ್ವಾಮಿಯೂ ನಕ್ಕ, ಅವಳು ನಕ್ಕಳೆಂದು. ಹೆಂಡತಿಯ ಕಡೆ ಬಾಗಿ, "ಏನಂತೆ?" ಎಂದು ಕೇಳಿದ.

ವಿಜಯಮ್ಮ ಒದ್ದೆ ಟಿಶ್ಯೂವನ್ನು ಮಡಚಿದಳು.

"ಮುಂದಿನ ಸಲ ಬೆರಳು ಇನ್ನೂ ಗಟ್ಟಿಯಾಗಿ ಒತ್ತಬೇಕಂತೆ" ಅಂದಳು.

ಹುಡುಗಿಗೆ ಜರ್ಮನ್‌ನಲ್ಲಿ, ಯೋಚಿಸಿ ಹೇಳುತ್ತೇವೆ ಅಂದಳು. ಹುಡುಗಿಗೆ ಆಶ್ಚರ್ಯವಾದಂತೆ ಕಂಡಿತು. ಇದರಲ್ಲಿ ಯೋಚಿಸುವುದೇನಿದೆ? ಆದರೂ, ಸರಿ, ಕಾರ್ಡ್ ತೆಗೆದುಕೊಳ್ಳಲು ಬಂದಾಗ ಹೇಳಿ, ಅಲ್ಲೇ ಕೊಡುತ್ತೇನೆ ಅಂದಳು.

ಅಲ್ಲಿಂದ ಮುಂದಿನ ವಾರಗಳನ್ನು ವಿಜಯಮ್ಮ ಹೇಗೆ ಕಳೆದಳು ಅನ್ನುವುದನ್ನು ಅವಳನ್ನೇ ಕೇಳಬೇಕು. ಹೊರಗಿನಿಂದ ನೋಡಿದವರಿಗೆ ಸುಖವಾಗಿದ್ದ ಹಾಗೇ ಕಾಣುತ್ತಿತ್ತು. ಬೆಳಗ್ಗೆ ಅವಳು ಕಿಟಾಕ್ಕೆ ಹೊರಡುವಾಗ ಅವನು ಎದ್ದು ಕಾಫಿ ಮಾಡಿಕೊಡುತ್ತಿದ್ದ. ಕೆಳಗಿನ ಮನೆಯ ಮುದುಕನ ಮೆಟ್ಟಿಲ ಮೇಲಿನ ಹಿಮವನ್ನೂ ಸೇರಿಸಿ ತಳ್ಳುತ್ತಿದ್ದ. ಪ್ಲಾಂಟಿನ ಹಳೆಯ ಗೆಳೆಯರನ್ನು ನೋಡಿಕೊಂಡು ಬಂದು ಯಾರ್‍ಯಾರು ಸತ್ತರು, ಯಾರ್‍ಯಾರು ಊರಿಗೆ ಹೋದರು ಎಂದು ವರದಿ ಒಪ್ಪಿಸುತ್ತಿದ್ದ. ಸಂಜೆ ಅವಳು ಬಾಗಿಲು ತೆಗೆದರೆ ಒಳಗೆ ದೀಪ ಉರಿಯುತ್ತಿರುತ್ತಿತ್ತು. ವರ್ಷದ ಉಳಿದ ದಿನಗಳಲ್ಲಿ ಬಾಗಿಲು ತೆಗೆದು, ಗೋಡೆ ತಡವಿ, ಸ್ವಿಚ್ ಹಾಕಿ, ಆಮೇಲೆ ಒಳಗೆ ಕಾಲಿಡುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಈಗಲೂ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಗಿ, ಇರುವ ದೀಪವನ್ನು ಆರಿಸಿಬಿಡುತ್ತಿತ್ತು. "ಬಂದ್ಯಾ? ಬಂದ ತಕ್ಷಣ ಕತ್ತಲೆ ಮಾಡ್ಬೇಕಾ?" ಎಂದು ಒಳಗಿಂದ ದನಿ ಬರುತ್ತಿತ್ತು.

ಊಟಕ್ಕೆ ಮುಂಚೆ ದಿನಾ ಬಂಗಾರಪೇಟೆಯ ವಿಡಿಯೋ ಕಾಲ್. ಗೌರಕ್ಕನ ಅರ್ಧ ಮುಖ, ಅರ್ಧ ಮನೆಯ ಸೂರು ಕಾಣುತ್ತಿತ್ತು. ಪಕ್ಕದ ಮನೆಯ ಸುಶೀಲಾಬಾಯಿ ಫೋನು ಹಿಡಿದು ನಿಂತಿರುತ್ತಿದ್ದಳು. ಮುನಿಸ್ವಾಮಿ ಇಲ್ಲಿರುವಾಗ ಗೌರಕ್ಕನನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಗೌರಕ್ಕ ದಿನಾ ಕೇಳುತ್ತಿದ್ದದ್ದು ಒಂದೇ, ಯಾವಾಗ್ಲಾ ಬತ್ತೀಯ ಮುನಿ? ಕಾರ್ಡ್ ಬರಬೇಕು ಅಕ್ಕ ಅನ್ನುತ್ತಿದ್ದ ಅವನು. ಆ ಮನೆಯ ಹಿಂದೆ ರೈಲು ಹೋದರೆ ಮೂವರೂ ಮಾತು ನಿಲ್ಲಿಸಿ ಅದು ದಾಟುವ ತನಕ ಕಾಯುತ್ತಿದ್ದರು.

ಒಂದು ಭಾನುವಾರ ಮುನಿಸ್ವಾಮಿ ಸ್ನಾನಕ್ಕೆ ಹೋಗಿದ್ದ. ಫೋನು ಬಂತು, ವಿಜಯಮ್ಮ ಎತ್ತಿದಳು. ಸುಶೀಲಾಬಾಯಿ ಫೋನನ್ನು ಎಲ್ಲೋ ಒರಗಿಸಿ ಹೊರಗೆ ಹೋಗಿದ್ದಳು. ಗೌರಕ್ಕ ಒಬ್ಬಳೇ ಇದ್ದಳು. ತಲೆ ಬಾಚಿರಲಿಲ್ಲ. ಇವಳು ಕೇಳದೆಯೇ ಹೇಳಿದಳು. ಸುಶೀಲಾಬಾಯಿ ಒಳ್ಳೆಯವಳೇ, ಆದರೆ ಬೇರೆಯವರ ಕೈಲಿ ಬಟ್ಟೆ ಬಿಚ್ಚಿಸಿಕೊಂಡು ನೀರು ಹಾಕಿಸಿಕೊಳ್ಳಲು ತನಗೆ ಆಗುವುದಿಲ್ಲ. ತಮ್ಮನಾದರೆ ಬಕೆಟ್ ಇಟ್ಟು, ಕುರ್ಚಿ ಇಟ್ಟು, ಬಾಗಿಲಾಚೆ ನಿಂತು ಮಾತಾಡಿಸುತ್ತಾ ಇರುತ್ತಾನೆ. ಅವನ ದನಿ ಕೇಳುತ್ತಿದ್ದರೆ ತಾನೇ ನೀರು ಹಾಕಿಕೊಳ್ಳುತ್ತಾಳೆ, ಬೀಳುವ ಭಯವಿರುವುದಿಲ್ಲ. ಅವನು ಹೋದಾಗಿಂದ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುವುದೇ ಆಗಿದೆ.

"ವಿಜಿ" ಅಂದಳು ಗೌರಕ್ಕ. "ನೀನು ಜರ್ಮನಿ ಮಾತು ಚೆನ್ನಾಗಿ ಆಡ್ತೀಯಂತಲ್ಲ. ಆ ಕಾರ್ಡ್ ಕೊಡೋರ್ಗೆ ಒಂದ್ ಮಾತು ಕೇಳೇ. ಒಂದು ಮುದುಕಿ ಅವ್ಳೆ, ಅವ್ಳಿರೋಗಂಟ ಇವನ್ನ ಹಿಂಗೆ ಓಡಾಡ್ಸ್‌ಬೇಡಿ ಅಂತ. ನನ್ ಹೆಸರೇಳಿ ಕೇಳು."

ವಿಜಯಮ್ಮನಿಗೆ ಆ ಅರ್ಧ ಮುಖದ ಕಡೆ ನೋಡಲಾಗಲಿಲ್ಲ. ಕೇಳ್ತೀನಿ ಅಕ್ಕ ಅಂದಳು. ಮುನಿಸ್ವಾಮಿ ತಲೆ ಒರೆಸಿಕೊಳ್ಳುತ್ತಾ ಬಂದು ಏನಂತೆ ಅಂದಾಗ, ಅವರೆಕಾಳು ಹೇಗಿತ್ತು ಅಂತ ಕೇಳಿದರು ಅಂದಳು. ಅಂದ ಮೇಲೆ ಅಡುಗೆಮನೆಗೆ ಹೋಗಿ, ತಾನು ಎಷ್ಟು ಸಲೀಸಾಗಿ ಮಾತು ಬದಲಿಸಲು ಕಲಿತುಬಿಟ್ಟೆ ಎಂದು ನಿಂತೇ ಇದ್ದಳು. ಒಲೆಯ ಮೇಲಿನ ಸಾರು ಉಕ್ಕಿತು.

ಕಾರ್ಡ್ ಬಂದಿದೆ ಎಂಬ ಕಾಗದ ಬಂತು. ಅದನ್ನು ತರಲು ಇಬ್ಬರೂ ಹೊರಟರು. ಮುನಿಸ್ವಾಮಿ ಕೆಂಪು ಪರ್ಸನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡಿದ್ದ. ಟ್ರಾಮಿನಲ್ಲಿ ಜಾಗವಿದ್ದರೂ ನಿಂತೇ ಇದ್ದರು. ಹೊರಗೆ ಹಿಮ ಕರಗಿ ಕೆಸರಾಗಿತ್ತು.

"ಅವತ್ತು ಆ ಹುಡುಗಿ ಹೇಳಿದ್ದು ಬೆರಳಿನ ವಿಷಯ ಅಲ್ಲ" ಅಂದಳು ವಿಜಯಮ್ಮ.

ಅವನು ಅವಳ ಕಡೆ ನೋಡಿದ. ಅವಳು ಎಲ್ಲವನ್ನೂ ಹೇಳಿದಳು. ಹದಿನೈದು ವರ್ಷದ್ದು, ಪೆನ್ಶನ್ನಿನದು, ಸರ್ಟಿಫಿಕೇಟಿನದು. ಒಂದೂ ಬಿಡದೆ, ಆ ಹುಡುಗಿ ಪಾಪ ಅಂದದ್ದನ್ನೂ ಸೇರಿಸಿ ಹೇಳಿದಳು. ಗೌರಕ್ಕ ಸ್ನಾನದ ಬಗ್ಗೆ ಹೇಳಿದ್ದನ್ನೂ ಹೇಳಿದಳು. ಟ್ರಾಮು ಸುರಂಗಕ್ಕೆ ಇಳಿಯಿತು, ಕಿಟಕಿಗಳಲ್ಲಿ ಅವರದೇ ಮುಖಗಳು ಕಂಡವು.

"ಅಂದ್ರೆ ಇನ್ಮೇಲೆ ಬರ್ಲೇಬೇಕು ಅಂತ ಇಲ್ಲ?"

"ಇಲ್ಲ."

"ಒಂದು ವರ್ಷ ಬರ್ದೇ ಇದ್ರೂ?"

"ಎಷ್ಟು ವರ್ಷ ಬರ್ದೇ ಇದ್ರೂ."

ಅವನು ಮೇಲಿನ ಹಿಡಿಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡ. "ಅವತ್ತೇ ಯಾಕೆ ಹೇಳ್ಲಿಲ್ಲ?"

"ಸುಮ್ನೆ."

"ಸುಮ್ನೆ ಅಂದ್ರೆ?"

ಅವಳು ಕಿಟಕಿಯಲ್ಲಿ ಕಂಡ ಅವನ ಮುಖವನ್ನು ನೋಡಿದಳು. ಇನ್ನೊಂದು ಸಲ ಕೇಳಿದರೆ ಹೇಳಿಬಿಡುತ್ತೇನೆ ಅಂದುಕೊಂಡಳು. ಅವನು ಇನ್ನೊಂದು ಸಲ ಕೇಳಲಿಲ್ಲ. ನಿಲ್ದಾಣ ಬಂತು.

ಆಫೀಸಿನಲ್ಲಿ ಅದೇ ಹುಡುಗಿ ಇದ್ದಳು. ಕಾರ್ಡ್ ಕೊಟ್ಟಳು, ಅರ್ಜಿಗೆ ಸಹಿ ಹಾಕಿಸಿಕೊಂಡಳು, ಸರ್ಟಿಫಿಕೇಟ್ ಅಚ್ಚುಹಾಕಿ ಸೀಲು ಒತ್ತಿ ಕೊಟ್ಟಳು. ಪಾಸ್‌ಪೋರ್ಟ್, ಕಾರ್ಡ್, ಈ ಹಾಳೆ, ಮೂರೂ ಜೊತೆಗಿದ್ದರೆ ನೀವು ಯಾವಾಗ ಬೇಕಾದರೂ ಬರಬಹುದು, ಯಾರೂ ತಡೆಯುವುದಿಲ್ಲ ಅಂದಳು. ಇದನ್ನು ವಿಜಯಮ್ಮ ಇದ್ದದ್ದು ಇದ್ದ ಹಾಗೆ ಗಂಡನಿಗೆ ಹೇಳಿದಳು. ಯಾವಾಗ ಬೇಕಾದರೂ ಅನ್ನುವುದನ್ನು ಎರಡು ಸಲ ಹೇಳಿದಳು.

"ಒಳ್ಳೇದಾಯ್ತು" ಅಂದ ಮುನಿಸ್ವಾಮಿ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಒಡವೆ ಅಂಗಡಿಯ ಪರ್ಸಿಗೆ ಹಾಕಿ ಜಿಪ್ಪೆಳೆದ. ಒಳ್ಳೇದಾಯ್ತು ಅಂದದ್ದು ಯಾವುದಕ್ಕೆ ಎಂದು ಅವಳಿಗೆ ಗೊತ್ತಾಗಲಿಲ್ಲ.

ಆ ಸಂಜೆ ಗೌರಕ್ಕನಿಗೆ ಅವನೇ ವಿಷಯ ಹೇಳಿದ. ಗೌರಕ್ಕ ಆ ಕಡೆಯಿಂದ ಕೈ ಮುಗಿದಳು. ಕ್ಯಾಮೆರಾ ಅವಳ ಮುಖಕ್ಕೆ ನೇರವಾಗಿರಲಿಲ್ಲ, ಸೂರಿಗೆ ಮುಗಿದ ಹಾಗೆ ಕಂಡಿತು. ವಿಜಿ ಕೈಲಿ ಕೊಡು ಅಂದಳು. ನಿನ್ ಹೊಟ್ಟೆ ತಣ್ಣಗಿರ್ಲಿ ತಾಯಿ ಅಂದಳು. ವಿಜಯಮ್ಮ ತಲೆಯಾಡಿಸಿದಳು.

ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ಅವರ ಮಾತಿಗೆ ಒಂದು ಕ್ರಮವಿತ್ತು. ನೀರಿನ ಬಾಟಲ್ ಇಟ್ಕೊಂಡ್ರಾ, ಮಾತ್ರೆ ಮೇಲಿದೆ, ಇಳಿದ ತಕ್ಷಣ ಫೋನ್ ಮಾಡಿ. ಕೊನೆಗೆ ಅವನು, ಸರಿ, ಜುಲೈಗೆ ಕಾರ್ಡ್‌ಗೆ ಬರ್ಬೇಕಲ್ಲ ಅನ್ನುತ್ತಿದ್ದ. ಅದನ್ನು ಹೇಳಿದ ಮೇಲೆ ಬೇರೇನೂ ಹೇಳುವ ಅಗತ್ಯ ಬೀಳುತ್ತಿರಲಿಲ್ಲ, ಅವನು ಒಳಗೆ ಹೋಗುತ್ತಿದ್ದ. ಈ ಸಲ ಬಾಟಲ್ ಆಯಿತು, ಮಾತ್ರೆ ಆಯಿತು, ಫೋನ್ ಆಯಿತು. ಆಮೇಲೆ ಇಬ್ಬರೂ ನಿಂತುಕೊಂಡರು. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಕೆಳಗಿನ್ ಮನೆ ತಾತನ ಮೆಟ್ಲು ಈಗ ಯಾರು ಕ್ಲೀನ್ ಮಾಡ್ತಾರೋ" ಅಂದ.

"ಹಿಮ ಮುಗೀತಲ್ಲ" ಅಂದಳು ಅವಳು.

ಹೌದು, ಮುಗೀತು ಅಂದ ಅವನು. ಹೋದ.

ವಸಂತ ಬಂತು. ಕಿಟಾದ ಅಂಗಳದಲ್ಲಿ ಮಕ್ಕಳ ಜಾಕೆಟ್ಟುಗಳು ಕಡಿಮೆಯಾದವು. ಫೋನು ದಿನಾ ಬರುತ್ತಿತ್ತು. ಮಾತು ಮಾತ್ರ ಮೊದಲಿನಂತಿರಲಿಲ್ಲ. ಹಿಂದೆ ಅವರ ಮಾತಿನಲ್ಲಿ ಅರ್ಧ ಭಾಗ ಟಿಕೆಟ್ ಯಾವಾಗ ಬುಕ್ ಮಾಡುವುದು, ಯಾವ ದಾರಿಯಲ್ಲಿ ಬರುವುದು, ಏನು ತರುವುದು ಅನ್ನುವುದೇ ಇರುತ್ತಿತ್ತು. ಅದನ್ನು ತೆಗೆದುಬಿಟ್ಟರೆ ಉಳಿದದ್ದು ಗೌರಕ್ಕನ ಸೊಂಟ ಮತ್ತು ಸ್ಟುಟ್‌ಗಾರ್ಟಿನ ಹವಾಮಾನ. ಅವನು ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಅವಳು ಕೇಳಲಿಲ್ಲ. ಕೇಳಿದರೆ ಗೌರಕ್ಕನಿಂದ ಕಿತ್ತುಕೊಂಡ ಹಾಗೆ. ಕೇಳದಿದ್ದರೆ, ಬೇಡ ಅಂದುಕೊಂಡಿದ್ದಾಳೆ ಎಂದು ಅವನು ತಿಳಿದರೆ? ಸಂಜೆ ಬಾಗಿಲು ತೆಗೆದು, ಗೋಡೆ ತಡವಿ, ಸ್ವಿಚ್ ಹಾಕುತ್ತಿದ್ದಳು.

ಬಾನ್ ನಗರದಿಂದ ಮಗ ಯಶವಂತ ಒಂದು ಶನಿವಾರ ಬಂದ. ಅವನು ಅಲ್ಲೊಂದು ಸಂಶೋಧನಾ ಸಂಸ್ಥೆಯಲ್ಲಿದ್ದ. ಅವನಿಗೆ ಈ ಕಾರ್ಡಿನ ತಲೆನೋವೇ ಇರಲಿಲ್ಲ, ಅವನ ಪಾಸ್‌ಪೋರ್ಟ್ ಜರ್ಮನಿಯ ಕೆಂಪು ಪಾಸ್‌ಪೋರ್ಟ್. ಅಮ್ಮ ಕನ್ನಡದಲ್ಲಿ ಹೇಳುವುದನ್ನೆಲ್ಲ ಕೇಳಿಸಿಕೊಂಡು ಜರ್ಮನ್‌ನಲ್ಲಿ ಉತ್ತರ ಕೊಡುವುದು ಅವನ ರೂಢಿ. ಅಪ್ಪ ಬರುತ್ತಾರಾ ಇಲ್ಲವಾ ಎಂದು ಕೇಳಿದ. ಗೊತ್ತಿಲ್ಲ ಅಂದಳು. ಹಾಗಾದರೆ ಅವರನ್ನೇ ಕೇಳು, ಫೋನ್ ಇದೆಯಲ್ಲ ಎಂದು ಜರ್ಮನ್‌ನಲ್ಲಿ ಅಂದ.

"ಹಂಗೆಲ್ಲಾ ಕೇಳಕ್ಕಾಗಲ್ಲ ಮಗಾ" ಅಂದಳು.

ವರೂಮ್, ಅಂದರೆ ಯಾಕೆ, ಎಂದು ಕೇಳಿದ ಅವನು, ನಿಜವಾಗಿಯೂ ಅರ್ಥವಾಗದೆ. ಅವಳು ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಜೂನ್ ಮುಗಿಯಿತು. ಆಷಾಢ ಹುಟ್ಟಿತು. ಹೊತ್ತು ಮುಳುಗುವುದು ತಡವಾಗಿ, ಮನೆಯಲ್ಲಿ ದೀಪ ಹಾಕುವ ಕೆಲಸವೂ ಉಳಿಯಲಿಲ್ಲ. ಕ್ರೊವೇಷಿಯಾದವಳು ಈ ಸಲ ಲಿಪ್‌ಸ್ಟಿಕ್ ತರಲಿಲ್ಲ. ಒಂದು ಸಲ ಮುಖ ನೋಡಿ ಸುಮ್ಮನಾಗಿದ್ದಳು.

ಅವತ್ತು ಮಕ್ಕಳ ಊಟ ಮುಗಿದು, ವಿಜಯಮ್ಮ ಅಂಗಳದ ಮರಳುಗುಂಡಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದಾಗ ಫೋನು ಬಂತು. ಅದು ಅವನು ಫೋನು ಮಾಡುವ ಹೊತ್ತಲ್ಲ. ಅವಳು ಮೊದಲ ರಿಂಗಿಗೇ ಎತ್ತಿದಳು.

"ಏನೂ ಆಗಿಲ್ಲ, ಏನೂ ಆಗಿಲ್ಲ" ಅಂದ ಅವನು ಮೊದಲಿಗೇ. ಬಿಸಿಲಾ ಅಲ್ಲಿ ಎಂದು ಕೇಳಿದ. ಬಿಸಿಲು ಅಂದಳು. ಆಮೇಲೆ, "ಅಕ್ಕ ಕೇಳ್ತಾವ್ಳೆ" ಅಂದ. "ಆಷಾಢ ಬಂತಲ್ಲಾ, ಈ ಸಲ ಕಾರ್ಡ್‌ಗೆ ಹೋಗಲ್ವೇನ್ಲಾ ಅಂತ."

"ಪೇಪರ್ ಇದೆ, ಹೋಗ್ಬೇಕಾಗಿಲ್ಲ ಅಂತ ಅವರಿಗೆ ಗೊತ್ತಲ್ಲ."

"ಗೊತ್ತು. ಆದ್ರೂ ಕೇಳ್ತಾವ್ಳೆ. ಬೆಳಗ್ಗಿಂದ ಮೂರ್ ಸಲಿ ಕೇಳಿದ್ಲು." ಅವನು ಗಂಟಲು ಸರಿಮಾಡಿಕೊಂಡ. "ಏನ್ ಹೇಳ್ಲಿ?"

ಮರಳಿನಲ್ಲಿ ಆಡುತ್ತಿದ್ದ ಒಂದು ಮಗು ಬಕೆಟ್ಟಿನ ತುಂಬ ಮರಳು ತಂದು ಅವಳ ಕಾಲ ಬಳಿ ಬೋರಲು ಹಾಕಿ, ಕೇಕು, ತಿನ್ನು ಅಂದಿತು. ವಿಜಯಮ್ಮ ಬಗ್ಗಿ ತಿಂದ ಹಾಗೆ ಮಾಡಿದಳು. ಮಗು ಓಡಿತು. ಫೋನಿನಲ್ಲಿ ಅವನು ಕಾಯುತ್ತಿದ್ದ.

"ನಾನು ಬನ್ನಿ ಅಂದೆ ಅಂತ ಹೇಳಿ" ಅಂದಳು.

"ಹಂಗೇ ಹೇಳ್ಲಾ?"

"ಹಂಗೇ ಹೇಳಿ."

ಅಷ್ಟರಲ್ಲಿ ಬಂಗಾರಪೇಟೆಯಲ್ಲಿ ಗೂಡ್ಸ್ ರೈಲು ಬಂತು. ಉದ್ದನೆಯ ರೈಲು, ಮುಗಿಯಲೇ ಇಲ್ಲ. ವಿಜಯಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಒಂದೊಂದು ಡಬ್ಬಿಯೂ ದಾಟುವುದನ್ನು ಕೇಳಿಸಿಕೊಂಡಳು. ದಾಟಿದ ಮೇಲೆ ಅವನ ದನಿ ಸ್ವಲ್ಪ ಬೇರೆಯಾಗಿತ್ತು, ಫೋನನ್ನು ಹೊರಗೆ ತಂದಿದ್ದ ಅಂತ ಕಾಣುತ್ತದೆ.

"ಈಗ ಆಗಲ್ಲ ಕಣೇ. ಸುಶೀಲಾಬಾಯಿ ಮಗಳ ಬಾಣಂತನ ಅಂತ ಹೋಗವ್ರೆ, ದೀಪಾವಳಿ ಕಳೀದೆ ಬರಲ್ಲ. ಅಕ್ಕನ್ನ ಒಬ್ಳೇ ಬಿಡಕ್ಕಾಗಲ್ಲ."

"ಗೊತ್ತು" ಅಂದಳು. ಅವಳಿಗೆ ಗೊತ್ತಿರಲಿಲ್ಲ. ಆದರೆ ಬೇರೆ ಏನು ಅನ್ನುವುದು?

"ಅವರೆಕಾಯಿ ಟೈಮ್‌ಗೆ ಬರ್ತೀನಿ."

ಅವಳು ಆ ಹಳೆಯ ಮಾತಿನ ಬಾಲಕ್ಕಾಗಿ ಕಾದಳು. ಅದು ಬರಲಿಲ್ಲ.

"ಯಾತಕ್ಕೆ ಬರ್ತೀರಾ?" ಎಂದು ಕೇಳಿದಳು.

"ಸುಮ್ನೆ" ಅಂದ ಮುನಿಸ್ವಾಮಿ.

"ಸುಮ್ನೆ ಅಂದ್ರೆ?"

ಅವನು ನಕ್ಕ. ಒಳಗಿಂದ ಗೌರಕ್ಕ ಏನೋ ಕೂಗಿದಳು. ಬಕೆಟ್ ಇಡಬೇಕು, ಇಡ್ತೀನಿ ಅಂದು ಫೋನು ಇಟ್ಟುಬಿಟ್ಟ.

ಸಂಜೆ ಮನೆಗೆ ಬಂದಾಗ ಹೊರಗೆ ಇನ್ನೂ ಹಗಲಿನಂತೆ ಬೆಳಕಿತ್ತು. ಅವರೆಕಾಯಿಗೆ ಇನ್ನೂ ಎಷ್ಟು ತಿಂಗಳು ಎಂದು ಎಣಿಸಲು ಹೋಗಿ ಬಿಟ್ಟಳು. ಈ ಆಷಾಢ ಮದುವೆಯಾದ ಹೊಸದರ ಆಷಾಢದ ಹಾಗೆಯೇ ಆಯಿತಲ್ಲ, ಅವರು ಅಲ್ಲಿ, ನಾನು ಇಲ್ಲಿ ಎಂದು ಅನ್ನಿಸಿತು. ಇದನ್ನು ನಾಳೆ ಫೋನಿನಲ್ಲಿ ಹೇಳಬೇಕು, ನಗುತ್ತಾರೆ ಅಂದುಕೊಂಡಳು. ಆಮೇಲೆ ಒಬ್ಬಳಿಗಾಗುವಷ್ಟು ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು.